ಚರಂಡಿ ನೀರಿನ ಸೊಪ್ಪು: ತೊಳೆದರೆ ಹೋಗುವುದೇನು, ಕುದಿಸಿದರೂ ಉಳಿಯುವುದೇನು?

ಬೇಸಿಗೆ ಶುರುವಾಯಿತು ಅಂದರೆ ಶಿವಮೊಗ್ಗದ ಮಾರ್ಕೆಟ್‌ನಲ್ಲಿ ಸೊಪ್ಪು ಕೊಳ್ಳುವವರು ಒಂದು ಮಾತು ಕೇಳಿಯೇ ಕೇಳುತ್ತಾರೆ. "ಇದು ಚರಂಡಿ ನೀರಿಂದಲ್ಲ ತಾನೆ?" ಮಾರುವವರು "ಇಲ್ಲಕ್ಕಾ, ಬೋರ್‌ವೆಲ್ಲಿಂದು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಕಟ್ಟು ನೋಡಿ ಯಾವ ನೀರಿನದ್ದು ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಕೊಳಚೆ ನೀರು ಕುಡಿದ ಪಾಲಕ್ ಇನ್ನೂ ಹಸಿರಾಗಿ, ಅಗಲ ಎಲೆ ಬಿಟ್ಟು ನಿಂತಿರುತ್ತದೆ.

2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟ ಮೇಲೆ ನದಿಗೆ ಸೇರುವ ಕೊಳಚೆಯ ಮಾತು ಮಲೆನಾಡಿನ ಮನೆಮನೆಗೂ ಬಂತು. ಜೊತೆಗೆ ಇನ್ನೊಂದು ಮಾತೂ ನಡೆಯುತ್ತಿದೆ: ಊರಿನ ಕೊಳಚೆಯನ್ನು ಶುದ್ಧ ಮಾಡಿ ಹೊಲಕ್ಕೆ ಕೊಟ್ಟರೆ ನದಿಯೂ ಉಳಿಯುತ್ತದೆ, ರೈತರಿಗೂ ನೀರು ಸಿಗುತ್ತದೆ, ಅಲ್ವಾ? ಕೇಳಲು ಚೆನ್ನಾಗಿದೆ, ಬಹುಮಟ್ಟಿಗೆ ನಿಜವೂ ಹೌದು. ಆದರೆ ಅದೇ ನೀರಲ್ಲಿ ಬೆಳೆದ ಕೊತ್ತಂಬರಿ ನಮ್ಮ ತಟ್ಟೆಗೆ ಬಂದಾಗ ಏನಾಗುತ್ತದೆ? ಬುಡದಿಂದ ನೋಡೋಣ.

## ಮೊದಲು, ಯಾವ ನೀರು?

ಬಳಸಿದ ನೀರೆಲ್ಲ ಒಂದೇ ಅಲ್ಲ. ಮಲೆನಾಡಿನ ಹಳ್ಳಿಮನೆಗಳಲ್ಲಿ ಬಚ್ಚಲು ನೀರು ಹಿತ್ತಲಿಗೆ ಹೋಗುವುದು ತಲೆಮಾರುಗಳಿಂದ ನಡೆದುಬಂದದ್ದು. ಆ ನೀರು ಬೀಳುವ ಜಾಗದಲ್ಲಿ ಬಾಳೆ, ಕೆಸು, ಬಸಳೆ ಇರುತ್ತವೆ. ಸ್ನಾನದ್ದು, ಬಟ್ಟೆ ಒಗೆದದ್ದು, ಪಾತ್ರೆ ತೊಳೆದದ್ದು. ಇದರಲ್ಲಿ ಸೋಪು, ಜಿಡ್ಡು, ಉಪ್ಪಿನಂಶ ಇರುತ್ತದೆ, ರೋಗಾಣು ಕಡಿಮೆ. ಮಗುವಿನ ಮಲದ ಬಟ್ಟೆಯನ್ನೂ ಅಲ್ಲೇ ಒಗೆದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ಎರಡನೆಯದು ಕಕ್ಕಸಿನ ನೀರು ಸೇರಿದ ಕೊಳಚೆ. ಪೇಟೆಯ ಒಳಚರಂಡಿಯಲ್ಲಿ ಹರಿಯುವುದು ಇದೇ. ತೆರೆದ ಮೋರಿ, ರಾಜಕಾಲುವೆಗಳಲ್ಲೂ ಎಷ್ಟೋ ಕಡೆ ಇದೇ ಬೆರೆತಿರುತ್ತದೆ. ಕಾಯಿಲೆ ತರುವ ಜೀವಿಗಳಲ್ಲಿ ಹೆಚ್ಚಿನವು ಬರುವುದು ಮನುಷ್ಯರ ಮಲದಿಂದ, ಹಾಗಾಗಿ ಅದು ಸೇರಿದೆಯೋ ಇಲ್ಲವೋ ಅನ್ನುವುದೇ ಇಲ್ಲಿ ದೊಡ್ಡ ಗೆರೆ.

ಮೂರನೆಯದು ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕದಿಂದ ಹೊರಬಂದ ನೀರು. ನಾಲ್ಕನೆಯದು ಕಾರ್ಖಾನೆ, ವರ್ಕ್‌ಶಾಪ್‌ಗಳಿಂದ ಬರುವ ನೀರು. ಇದರ ಕಥೆಯೇ ಬೇರೆ, ಮುಂದೆ ಬರುತ್ತದೆ.

ಎಷ್ಟು ನೀರು ಅಂತ ಅಂದಾಜು ಬೇಕಾದರೆ ಸುಲಭದ ಲೆಕ್ಕ ಇದೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದಲ್ಲಿ ಸುಮಾರು 3.22 ಲಕ್ಷ ಜನ ಇದ್ದರು. ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅನ್ನುವುದು ಸರ್ಕಾರಿ ಯೋಜನೆಗಳ ಅಳತೆ. ಅದರಲ್ಲಿ ಶೇ 80 ಭಾಗ ಕೊಳಚೆಯಾಗಿ ಹೊರಬರುತ್ತದೆ ಅಂತ ಹಿಡಿಯುತ್ತಾರೆ. ಗುಣಿಸಿ ನೋಡಿ, ದಿನಕ್ಕೆ ಸುಮಾರು ಮೂರೂವರೆ ಕೋಟಿ ಲೀಟರ್! ಅದೂ 2011ರ ಜನಸಂಖ್ಯೆಗೆ.

## ಇಷ್ಟು ಮಳೆ ಬೀಳುವ ಕಡೆ ಇದೆಲ್ಲ ಯಾಕೆ?

ಮಳೆ ಬೀಳುವುದು ಜೂನ್‌ನಿಂದ. ಫೆಬ್ರವರಿ ಕಳೆಯುತ್ತಿದ್ದಂತೆ ಹಳ್ಳ ಬತ್ತುತ್ತದೆ, ಬಾವಿ ತಳ ಕಾಣುತ್ತದೆ. ಪೇಟೆಯ ಮೋರಿ ಮಾತ್ರ ವರ್ಷವಿಡೀ ಹರಿಯುತ್ತದೆ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಬೇರೆ ಇರುವುದರಿಂದ ಗೊಬ್ಬರದ ಖರ್ಚೂ ಉಳಿಯುತ್ತದೆ. ಪೇಟೆಯ ಅಂಚಿನಲ್ಲಿ ಅರ್ಧ ಎಕರೆಯಲ್ಲಿ ಸೊಪ್ಪು ಬೆಳೆದು ಬದುಕುವವರಿಗೆ ಬೇರೆ ನೀರೇ ಇಲ್ಲದಿದ್ದರೆ ಅವರು ಇನ್ನೇನು ಮಾಡಿಯಾರು? ಅದೂ ಅಲ್ಲದೆ ಮಲೆನಾಡಿನ ಮಾರ್ಕೆಟ್‌ಗೆ ಬಯಲುಸೀಮೆಯ ತರಕಾರಿಯೂ ಬರುತ್ತದೆ. ಯಾವ ಊರಿನ ಯಾವ ನೀರೋ.

ದೇಶದ ಚಿತ್ರವನ್ನೂ ಒಮ್ಮೆ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿ ಪ್ರಕಾರ ನಮ್ಮ ನಗರಗಳಲ್ಲಿ ದಿನಕ್ಕೆ 7,236 ಕೋಟಿ ಲೀಟರ್‌ಗೂ ಹೆಚ್ಚು ಕೊಳಚೆ ಹುಟ್ಟುತ್ತದೆ. ನಿಜವಾಗಿ ಶುದ್ಧೀಕರಣ ಆಗುವುದು ಅದರಲ್ಲಿ ಶೇ 28ರಷ್ಟು. ಉಳಿದದ್ದು ಹೊಳೆಗೋ ಕೆರೆಗೋ ಹೊಲಕ್ಕೋ ಸೇರುತ್ತದೆ.

## ಶೇ 99 ಶುದ್ಧ ಅಂದರೆ ಎಷ್ಟು ಶುದ್ಧ?

ಎಸ್‌ಟಿಪಿಯಲ್ಲಿ ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲನೆಯದರಲ್ಲಿ ಕಸ ಸೋಸಿ, ಮಣ್ಣು ಮಡ್ಡಿ ತಳಕ್ಕೆ ಇಳಿಯಲು ಬಿಡುತ್ತಾರೆ. ಎರಡನೆಯದರಲ್ಲಿ ನೀರಿಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನೇ ಬೆಳೆಸಿ, ಕರಗಿದ ಹೊಲಸನ್ನು ಅವುಗಳಿಗೆ ತಿನ್ನಿಸುತ್ತಾರೆ. ಮೂರನೆಯದರಲ್ಲಿ ಇನ್ನೂ ಸಣ್ಣಗೆ ಸೋಸಿ, ಕ್ಲೋರಿನ್ನೋ ನೇರಳಾತೀತ ಬೆಳಕೋ ಬಳಸಿ ರೋಗಾಣು ಸಾಯಿಸುತ್ತಾರೆ. ಎರಡನೇ ಹಂತ ಮುಗಿದಾಗ ನೀರು ತಿಳಿಯಾಗಿರುತ್ತದೆ, ವಾಸನೆಯೂ ಹೋಗಿರುತ್ತದೆ. ನೋಡಿದವರು ಶುದ್ಧ ಅಂದುಕೊಳ್ಳುತ್ತಾರೆ.

ಲೆಕ್ಕ ನೋಡಿ. ಹಸಿ ಕೊಳಚೆಯ 100 ಮಿಲಿಲೀಟರ್‌ನಲ್ಲಿ, ಅಂದರೆ ಅರ್ಧ ಲೋಟದಲ್ಲಿ, ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದು ಕೋಟಿಯ ಆಸುಪಾಸು ಇರುತ್ತದೆ. ಎರಡನೇ ಹಂತದಲ್ಲಿ ಸಾಮಾನ್ಯವಾಗಿ ಶೇ 90ರಿಂದ 99ರಷ್ಟು ಹೋಗುತ್ತದೆ. ಶೇ 99 ಹೋಯಿತು ಅಂತಲೇ ಇಟ್ಟುಕೊಳ್ಳಿ. ಉಳಿಯುವುದು ಎಷ್ಟು? ಒಂದು ಲಕ್ಷ. ಹಸಿಯಾಗಿ ತಿನ್ನುವ ತರಕಾರಿಗೆ ಹಾಯಿಸುವ ನೀರಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ (ಇ-ಕೋಲಿ ಸೇರಿರುವ ಗುಂಪು) 100 ಮಿಲಿಲೀಟರ್‌ಗೆ 1,000 ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೇಳಿತ್ತು. ಅದಕ್ಕಿಂತ ನೂರು ಪಟ್ಟು ಜಾಸ್ತಿ!

ಈ ವಿಷಯದಲ್ಲಿ ಶೇಕಡಾ ಲೆಕ್ಕ ಮೋಸ ಮಾಡುತ್ತದೆ. ಸೊನ್ನೆ ಎಣಿಸುವುದೇ ಸರಿ. ಕೋಟಿಗೆ ಏಳು ಸೊನ್ನೆ. ಶೇ 90 ಹೋದರೆ ಒಂದು ಸೊನ್ನೆ ಹೋದ ಹಾಗೆ, ಶೇ 99 ಹೋದರೆ ಎರಡು. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಕರ್ನಾಟಕದಲ್ಲಿ ಈ ಚರ್ಚೆ ಜೋರಾಗಿದ್ದು ಕೆ.ಸಿ. ವ್ಯಾಲಿ ಯೋಜನೆಯಿಂದ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದರ ಉದ್ದೇಶ ಅಂತರ್ಜಲ ತುಂಬಿಸುವುದು, ನೇರವಾಗಿ ಬೆಳೆಗೆ ಹಾಯಿಸುವುದಲ್ಲ. ಮೂರನೇ ಹಂತವೂ ಆಗಲಿ ಅನ್ನುವುದು ಅಲ್ಲಿನ ರೈತರ ಬೇಡಿಕೆ. ಆ ಬೇಡಿಕೆಯ ಅರ್ಥ ಈಗ ಗೊತ್ತಾಗುತ್ತದೆ.

ನಮ್ಮ ನಿಯಮಗಳಲ್ಲೇ ಒಂದು ವಿಚಿತ್ರ ಇದೆ. ನದಿ-ಕೆರೆಗಳ ನೀರನ್ನು ಬಳಕೆಗೆ ತಕ್ಕಂತೆ ಕೇಂದ್ರ ಮಂಡಳಿ ಎ ಯಿಂದ ಇ ವರೆಗೆ ವಿಂಗಡಿಸಿದೆ. ಸ್ನಾನಕ್ಕೆ ಯೋಗ್ಯವಾದ ಬಿ ದರ್ಜೆಗೆ ಕೋಲಿಫಾರ್ಮ್ ಮಿತಿ ಇದೆ, 100 ಮಿಲಿಲೀಟರ್‌ಗೆ 500. ನೀರಾವರಿಗೆ ಅಂತ ಇರುವ ಇ ದರ್ಜೆಯಲ್ಲಿ ಹುಳಿ-ಕ್ಷಾರದ ಅಳತೆ, ಉಪ್ಪಿನಂಶ, ಸೋಡಿಯಂ, ಬೋರಾನ್ ಮಾತ್ರ. ರೋಗಾಣುವಿನ ಮಿತಿ ಇಲ್ಲವೇ ಇಲ್ಲ. ಬೆಳೆಗೆ ಏನಾಗುತ್ತದೆ ಅಂತ ಯೋಚಿಸಿ ಮಾಡಿದ ಪಟ್ಟಿ ಅದು, ತಿನ್ನುವವರಿಗೆ ಏನಾಗುತ್ತದೆ ಅಂತಲ್ಲ. ಹಾಗಾಗಿ ಯಾರಾದರೂ "ನೀರಾವರಿಗೆ ಯೋಗ್ಯ" ಅಂದರೆ ಸೊಪ್ಪಿಗೂ ಯೋಗ್ಯ ಅಂತ ತಿಳಿಯಬೇಡಿ.

## ಕಾಯಿಲೆ ತಟ್ಟೆಗೆ ಬರುವ ದಾರಿ

ರೋಗಾಣುಗಳು ಬೇರಿನಿಂದ ಮೇಲೇರಿ ಎಲೆಯೊಳಗೆ ಸೇರುತ್ತವೆ ಅಂತ ಹಲವರು ಹೆದರುತ್ತಾರೆ. ಗದ್ದೆಯಲ್ಲಿ ನಡೆಯುವುದು ಹೆಚ್ಚಾಗಿ ಅದಲ್ಲ. ಅವು ಮೈಮೇಲೆ ಕೂರುತ್ತವೆ. ನೀರು ಸಿಡಿದಾಗ, ಕೆಸರು ಹಾರಿದಾಗ, ತುಂತುರು ಬಿದ್ದಾಗ ಎಲೆಗೆ ಅಂಟುತ್ತವೆ. ಆದ್ದರಿಂದ ನೆಲಕ್ಕೆ ತಾಗಿ ಬೆಳೆಯುವ ಕೊತ್ತಂಬರಿ, ಪುದೀನ, ಪಾಲಕ್, ಮಣ್ಣೊಳಗೇ ಇರುವ ಮೂಲಂಗಿ, ಕ್ಯಾರೆಟ್ ಮೊದಲ ಸಾಲಲ್ಲಿ ನಿಲ್ಲುತ್ತವೆ. ಚಪ್ಪರದ ಹೀರೇಕಾಯಿ, ಮರದ ನುಗ್ಗೆ, ಗೊನೆಯ ಬಾಳೆ ಹಿಂದಿನ ಸಾಲು.

ಹೀಗೆ ಬರುವ ಬ್ಯಾಕ್ಟೀರಿಯಾಗಳಿಂದ ಟೈಫಾಯ್ಡ್, ಕಾಲರಾ, ವಾಂತಿಭೇದಿ ಬರುತ್ತವೆ. ವೈರಸ್‌ಗಳಿಂದ ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ, ಮಕ್ಕಳ ಭೇದಿ. ಇವೆಲ್ಲ ಎಲೆಯ ಮೇಲೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬದುಕುತ್ತವೆ. ಬಿಸಿಲು, ಒಣಹವೆ ಅವನ್ನು ಬೇಗ ಕೊಲ್ಲುತ್ತದೆ.

ಇದು ಬರೀ ಊಹೆಯಲ್ಲ. ಚಿಲಿ ದೇಶದ ಸಾಂಟಿಯಾಗೊ ನಗರದಲ್ಲಿ ಕುಡಿಯುವ ನೀರು ಚೆನ್ನಾಗಿದ್ದರೂ ಟೈಫಾಯ್ಡ್ ವರ್ಷವರ್ಷವೂ ಕಾಡುತ್ತಿತ್ತು. ಊರ ಹೊರಗೆ ಹಸಿಯಾಗಿ ತಿನ್ನುವ ತರಕಾರಿಗಳಿಗೆ ಕೊಳಚೆ ನೀರು ಹೋಗುತ್ತಿತ್ತು. 1991ರಲ್ಲಿ ಕಾಲರಾ ಬಂದಾಗ ಸರ್ಕಾರ ಅದನ್ನು ನಿಲ್ಲಿಸಿತು. ಕಾಲರಾ ಹರಡಲಿಲ್ಲ, ಜೊತೆಗೆ ಟೈಫಾಯ್ಡ್ ಕೂಡ ಥಟ್ಟನೆ ಇಳಿಯಿತು. 1970ರಲ್ಲಿ ಜೆರುಸಲೇಂನಲ್ಲಿ ಹರಡಿದ ಕಾಲರಾದ ಮೂಲವೂ ಕೊಳಚೆಯಲ್ಲಿ ಬೆಳೆದ ಹಸಿ ತರಕಾರಿಯೇ. ಅದೇ ಇಸ್ರೇಲ್ ಇವತ್ತು ತನ್ನ ಕೊಳಚೆಯ ಬಹುಪಾಲನ್ನು ಚೆನ್ನಾಗಿ ಶುದ್ಧ ಮಾಡಿ ಕೃಷಿಗೆ ಬಳಸುತ್ತದೆ. ಮರುಬಳಕೆಯೇ ತಪ್ಪು ಅನ್ನುವಂತಿಲ್ಲ.

ಇನ್ನು ಹುಳದ ಮೊಟ್ಟೆಗಳು. ಇವು ಬ್ಯಾಕ್ಟೀರಿಯಾಗಿಂತ ಹಟಮಾರಿ. ಮನುಷ್ಯರ ಕರುಳಲ್ಲಿ ಬದುಕುವ ಒಂದು ಹೆಣ್ಣು ದುಂಡುಹುಳ ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಇಡುತ್ತದೆ. ಮೊಟ್ಟೆಯ ಹೊರಪದರ ಗಟ್ಟಿ, ಮೇಲೆ ಅಂಟು ಬೇರೆ. ಕ್ಲೋರಿನ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ. ತೇವ, ನೆರಳು ಇರುವ ಮಣ್ಣಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ತೇವ ಮತ್ತು ನೆರಳು! ಮಲೆನಾಡಿನ ತೋಟದ ನೆಲವೇ ಹಾಗಿದೆಯಲ್ಲ.

ಎಲೆಕೋಸು ಹಸಿ ತಿಂದರೆ ಹುಳ ಮೆದುಳಿಗೆ ಹೋಗುತ್ತದೆ ಅನ್ನುವ ಮಾತು ಎಲ್ಲರೂ ಕೇಳಿರುತ್ತೀರಿ. ಅರ್ಧ ನಿಜ. ಕೋಸಿನಲ್ಲಿ ಕಣ್ಣಿಗೆ ಕಾಣುವ ಹಸಿರು ಹುಳ ಪಾಪ, ಏನೂ ಮಾಡುವುದಿಲ್ಲ. ಮೆದುಳಿಗೆ ಹೋಗುವುದು ಹಂದಿ ಲಾಡಿಹುಳದ ಮರಿ. ಅದರ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ, ಬರುವುದು ಆ ಹುಳ ಹೊಟ್ಟೆಯಲ್ಲಿರುವ ಮನುಷ್ಯರ ಮಲದಿಂದ. ಕೊಳಚೆಯ ಮೂಲಕವೋ ತೊಳೆಯದ ಕೈಯ ಮೂಲಕವೋ ತರಕಾರಿಗೆ ಅಂಟಿದ ಮೊಟ್ಟೆ ಹೊಟ್ಟೆಗೆ ಹೋದರೆ, ಮರಿ ರಕ್ತದಲ್ಲಿ ಸಾಗಿ ಮೆದುಳಲ್ಲಿ ಗೂಡು ಕಟ್ಟಬಹುದು. ಭಾರತದಲ್ಲಿ ಫಿಟ್ಸ್‌ಗೆ ಇರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಮಾಂಸವನ್ನೇ ಮುಟ್ಟದವರಿಗೂ ಬರುವುದು ಹೀಗೇ.

## ತಿನ್ನುವವರಿಗಿಂತ ಮೊದಲು ನಿಂತವರು

ಸೊಪ್ಪು ತಿನ್ನುವವರ ಬಗ್ಗೆಯೇ ಎಲ್ಲ ಮಾತು. ಆ ನೀರಲ್ಲಿ ಬೆಳಗ್ಗೆಯಿಂದ ಬರಿಗಾಲಲ್ಲಿ ನಿಂತು ಕಳೆ ಕೀಳುವವರಿಗೆ ಅಪಾಯ ಇನ್ನೂ ಹತ್ತಿರದ್ದು. ಕೊಕ್ಕೆಹುಳ ಬಾಯಿಂದ ಬರಬೇಕಾಗಿಯೇ ಇಲ್ಲ, ಅದರ ಮರಿ ಪಾದದ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಸುಸ್ತು, ಬಿಳಿಚಿಕೊಂಡ ಮುಖ, ರಕ್ತ ಕಡಿಮೆ ಅಂತ ಆಸ್ಪತ್ರೆಗೆ ಹೋಗುವ ಹೆಂಗಸರಲ್ಲಿ ಊಟದ ಕೊರತೆ ಮಾತ್ರವೇ ಕಾರಣ ಆಗಿರಬೇಕಿಲ್ಲ. ತುರಿಕೆ, ಚರ್ಮದ ಹುಣ್ಣು ಬೇರೆ. ಅಪ್ಪ-ಅಮ್ಮನ ಜೊತೆ ಬಂದು ಅಲ್ಲೇ ಆಡುವ ಮಕ್ಕಳಿಗೂ ಇದೆಲ್ಲ ತಪ್ಪಿದ್ದಲ್ಲ. ಗಂಬೂಟು, ಕೈಗವಸು, ಊಟಕ್ಕೆ ಮುಂಚೆ ಸೋಪು ಹಾಕಿ ಕೈತೊಳೆಯುವುದು. ಇಷ್ಟೇ ಸಾಕಷ್ಟು ತಡೆಯುತ್ತದೆ. ಕೆಸರಲ್ಲಿ ಗಂಬೂಟು ಹಾಕಿ ಕೆಲಸ ಮಾಡಿದವರಿಗೆ ಅದು ಯಾಕೆ ಮೂಲೆ ಸೇರುತ್ತದೆ ಅಂತಲೂ ಗೊತ್ತು.

## ಕುದಿಸಿದರೂ ಹೋಗದ್ದು

ರೋಗಾಣುವಿಗೆ ಬೆಂಕಿ ಮದ್ದು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ತರಹದ ಭಾರ ಲೋಹಗಳಿಗೆ ಮದ್ದೇ ಇಲ್ಲ. ಲೋಹಕ್ಕೆ ಜೀವವಿಲ್ಲ, ಹಾಗಾಗಿ ಕುದಿಸಿದರೆ ಸಾಯುವುದೂ ಇಲ್ಲ.

ಬರೀ ಮನೆಗಳ ಕೊಳಚೆಯಲ್ಲಿ ಇವು ಕಡಿಮೆ. ಬ್ಯಾಟರಿ, ಬಣ್ಣ, ಲೋಹಕ್ಕೆ ಲೇಪ ಹಾಕುವ ಕೆಲಸ, ಚರ್ಮ ಹದಮಾಡುವ ಕೆಲಸ, ಇಂಥವುಗಳ ನೀರು ಸೇರಿದರೆ ಜಾಸ್ತಿ. ಕ್ಯಾಡ್ಮಿಯಂ ಬೇರಿನ ಮೂಲಕ ಗಿಡದೊಳಗೇ ಸೇರುತ್ತದೆ, ಸೊಪ್ಪುಗಳಲ್ಲಿ ಹೆಚ್ಚು. ಪಾಲಕ್ ಅದನ್ನು ಎಳೆದುಕೊಳ್ಳುವುದರಲ್ಲಿ ಮುಂದು. ಸೀಸ ಹೆಚ್ಚಾಗಿ ಮಣ್ಣು, ಧೂಳಿನ ರೂಪದಲ್ಲಿ ಮೇಲೆ ಅಂಟಿರುತ್ತದೆ, ಆದ್ದರಿಂದ ಚೆನ್ನಾಗಿ ತೊಳೆದರೆ ಒಂದಷ್ಟು ಹೋಗುತ್ತದೆ. ಸೊಪ್ಪು ತರಕಾರಿಯಲ್ಲಿ ಕ್ಯಾಡ್ಮಿಯಂ ಕಿಲೋಗೆ 0.2 ಮಿಲಿಗ್ರಾಂ, ಸೀಸ 0.3 ಮಿಲಿಗ್ರಾಂ ಮೀರಬಾರದು ಅನ್ನುವುದು ಅಂತರರಾಷ್ಟ್ರೀಯ ಆಹಾರ ಮಾನದಂಡ.

ಒಂದು ದಿನ ತಿಂದರೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಕೂಡಿಟ್ಟುಕೊಳ್ಳುವುದರಲ್ಲಿ. ಕ್ಯಾಡ್ಮಿಯಂ ಮೂತ್ರಪಿಂಡ ಸೇರಿತು ಅಂದರೆ ಅರ್ಧ ಹೊರಹೋಗಲು ದಶಕಗಳು ಬೇಕು. ಜಪಾನಿನ ಟೊಯಾಮಾದಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಜಿಂಜು ನದಿಯ ಮೂಲಕ ಭತ್ತದ ಗದ್ದೆ ಸೇರಿ, ಅಲ್ಲಿನ ಹೆಂಗಸರ ಮೂಳೆಗಳು ಮೆತ್ತಗಾಗಿ ಮುರಿಯುವಂತಾಗಿದ್ದವು. ಅದಕ್ಕೆ ಇಟಾಯ್-ಇಟಾಯ್ ಕಾಯಿಲೆ ಅಂತ ಹೆಸರು. ಅಲ್ಲಿನ ಸರ್ಕಾರ 1968ರಲ್ಲಿ ಕಾರಣ ಒಪ್ಪಿಕೊಂಡಿತು. ಅದು ಚರಂಡಿಯ ಕಥೆಯಲ್ಲ, ಗಣಿಯದ್ದು. ಆದರೆ ಲೋಹ ನೀರಿಂದ ಮಣ್ಣಿಗೆ, ಮಣ್ಣಿಂದ ತಟ್ಟೆಗೆ ಬರುವ ದಾರಿ ಒಂದೇ.

ಮಲೆನಾಡಿನವರು ಇಲ್ಲಿ ಗಮನಿಸಬೇಕಾದ್ದು ಮಣ್ಣಿನ ಹುಳಿ. ಜೋರು ಮಳೆಗೆ ಸುಣ್ಣದಂಶ ತೊಳೆದುಹೋಗಿ ನಮ್ಮ ಮಣ್ಣು ಹುಳಿಯಾಗಿದೆ. ಹುಳಿ ಮಣ್ಣಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಕರಗಿ ಬೇರಿಗೆ ಸಿಗುತ್ತದೆ. ಬಯಲಿನ ಸುಣ್ಣದ ಮಣ್ಣಿಗಿಂತ ಇಲ್ಲಿ ಅದೇ ಪ್ರಮಾಣದ ಲೋಹ ಗಿಡಕ್ಕೆ ಜಾಸ್ತಿ ಹೋಗಬಹುದು. ಅಡಿಕೆ ತೋಟಕ್ಕೆ ಸುಣ್ಣ ಹಾಕುವ ರೂಢಿ ಈ ವಿಷಯದಲ್ಲೂ ಉಪಯೋಗಕ್ಕೆ ಬರುತ್ತದೆ. ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ ಅನ್ನಬೇಡಿ, ಅದರ 12 ಅಂಶಗಳಲ್ಲಿ ಸೀಸವೂ ಇಲ್ಲ, ಕ್ಯಾಡ್ಮಿಯಂ ಕೂಡ ಇಲ್ಲ. ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು.

## ಸೊನ್ನೆ ಹಾರಿಸುವ ದಾರಿಗಳು

ತೋಟಕ್ಕೆ ಹಂದಿ, ಕೋತಿ, ದನ ಬರದಂತೆ ಒಂದೇ ಬೇಲಿ ನಂಬಿ ಕೂರುವವರು ಮಲೆನಾಡಲ್ಲಿ ಯಾರೂ ಇಲ್ಲ. ಅಗಳ ಇರುತ್ತದೆ, ಮುಳ್ಳು ಇರುತ್ತದೆ, ನಾಯಿ ಇರುತ್ತದೆ. ಒಂದನ್ನು ದಾಟಿದ್ದು ಇನ್ನೊಂದಕ್ಕೆ ಸಿಗುತ್ತದೆ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಹಳೇ ಒಂದೇ ಮಿತಿಯನ್ನು ಬಿಟ್ಟು ಹಿಡಿದದ್ದು ಇದೇ ದಾರಿ. ನೀರು ಶುದ್ಧೀಕರಣದಿಂದ ಅಡುಗೆಮನೆವರೆಗೆ ಎಲ್ಲ ಸೇರಿ ಆರರಿಂದ ಏಳು ಸೊನ್ನೆ ಹೋಗಬೇಕು, ಎಲ್ಲಿ ಎಷ್ಟು ಹೋದರೂ ಸರಿ ಅಂದಿತು.

ಅದರ ಲೆಕ್ಕದಲ್ಲಿ ಹನಿ ನೀರಾವರಿ ಮಾಡಿದರೆ ನೆಲದ ಬೆಳೆಗೆ ಎರಡು ಸೊನ್ನೆ, ಎತ್ತರದ ಬೆಳೆಗೆ ನಾಲ್ಕು. ಕೊಯ್ಲಿಗೆ ಮುಂಚೆ ಆ ನೀರು ನಿಲ್ಲಿಸಿದರೆ ದಿನಕ್ಕೆ ಅರ್ಧದಿಂದ ಎರಡು ಸೊನ್ನೆ. ಬಿಸಿಲಿದ್ದರೆ ಬೇಗ, ಮೋಡ ಕವಿದ ಜುಲೈನಲ್ಲಿ ನಿಧಾನ. ಬಿರುಬೇಸಿಗೆಯಲ್ಲಿ ಎರಡು ದಿನ ನೀರು ನಿಲ್ಲಿಸಿದರೆ ಸೊಪ್ಪು ಬಾಡುತ್ತದೆ, ಬಾಡಿದ್ದನ್ನು ಯಾರೂ ಕೊಳ್ಳುವುದಿಲ್ಲ. ಹೇಳಿದಷ್ಟು ಸುಲಭ ಅಲ್ಲ. ಕೊನೆಯ ಎರಡು ದಿನ ಬಾವಿ ನೀರು ಕೊಟ್ಟರೆ ಸೊಪ್ಪೂ ಬಾಡುವುದಿಲ್ಲ, ಸೊನ್ನೆಯೂ ಹೋಗುತ್ತದೆ. ತೊಳೆದರೆ ಒಂದು ಸೊನ್ನೆ, ಕ್ಲೋರಿನ್ ದ್ರಾವಣದಲ್ಲಿ ತೊಳೆದರೆ ಎರಡು, ಸಿಪ್ಪೆ ತೆಗೆದರೆ ಎರಡು. ಬೇಯಿಸಿದರೆ? ಒಂದೇ ಏಟಿಗೆ ಆರೇಳು.

ಹೊಲದಲ್ಲಿ ಬೇರೇನನ್ನೂ ಬದಲಿಸಲು ಆಗದಿದ್ದರೂ ಬೆಳೆ ಬದಲಿಸಬಹುದು. ಆ ನೀರನ್ನು ಮೇವಿನ ಹುಲ್ಲು, ಹೂವು, ಬಾಳೆ, ಅಡಿಕೆಗೆ ಕೊಟ್ಟು, ಇರುವ ಸ್ವಲ್ಪ ಒಳ್ಳೆ ನೀರನ್ನು ಸೊಪ್ಪಿಗೆ ಇಟ್ಟುಕೊಳ್ಳುವುದು. ನಮ್ಮ ಹಿತ್ತಲಲ್ಲಿ ಬಚ್ಚಲು ನೀರಿಗೆ ಬಾಳೆ ನೆಟ್ಟವರು ಇದನ್ನೇ ಮಾಡಿದ್ದರು.

ಹೊಲ ದಾಟಿದ ಮೇಲೂ ಕೆಲಸ ಕೆಡುವುದುಂಟು. ಕಿತ್ತ ಸೊಪ್ಪನ್ನು ನಾಲೆಯಲ್ಲಿ ಅದ್ದಿ ಮಣ್ಣು ತೊಳೆಯುತ್ತಾರೆ, ಮಾರುವಾಗ ಬಾಡದಿರಲಿ ಅಂತ ಬಕೆಟ್ ನೀರು ಚಿಮುಕಿಸುತ್ತಾರೆ. ಪಾಕಿಸ್ತಾನದ ಫೈಸಲಾಬಾದ್‌ನಲ್ಲಿ ನಡೆದ ಅಧ್ಯಯನದಲ್ಲಿ ಕೊಳಚೆ ನೀರಿನ ಹೊಲದ ತರಕಾರಿಗಿಂತ ಮಾರ್ಕೆಟ್‌ನ ತರಕಾರಿಯಲ್ಲೇ ರೋಗಾಣು ಜಾಸ್ತಿ ಕಂಡಿತ್ತು. ಬೋರ್‌ವೆಲ್ಲಿನ ಸೊಪ್ಪು ಅಂತ ಕೇಳಿ ತಂದರೂ ನಿಶ್ಚಿಂತೆ ಇಲ್ಲ ಅಂತಾಯಿತು.

## ನಮ್ಮ ಅಡುಗೆಮನೆಯಲ್ಲಿ

ಹುಳಿ, ಪಲ್ಯ, ಪತ್ರೊಡೆ, ಬಸಳೆ ಸಾರು, ಇವೆಲ್ಲ ಚೆನ್ನಾಗಿ ಬೇಯುತ್ತವೆ, ರೋಗಾಣುವಿನ ಚಿಂತೆ ಬೇಡ. ನೋಡಬೇಕಾದ್ದು ಬೇಯದೆ ತಟ್ಟೆಗೆ ಬರುವುದನ್ನು. ಕೋಸಂಬರಿಯ ಸೌತೆ, ಕ್ಯಾರೆಟ್. ಪುದೀನ ಚಟ್ನಿ. ಒಲೆ ಆರಿಸಿದ ಮೇಲೆ ಮೇಲಿಂದ ಉದುರಿಸುವ ಕೊತ್ತಂಬರಿ. ಸಂಜೆ ಮಂಡಕ್ಕಿಗೆ ಬೆರೆಸುವ ಹಸಿ ಈರುಳ್ಳಿ, ಸೊಪ್ಪು. ಎಲ್ಲಕ್ಕಿಂತ ಹೆಚ್ಚಾಗಿ ಒಂದೆಲಗದ ತಂಬುಳಿ. ಒಂದೆಲಗ ತೇವ ಇರುವಲ್ಲಿ, ಮೋರಿ ಪಕ್ಕದಲ್ಲೇ ಹುಲುಸಾಗಿ ಹಬ್ಬುತ್ತದೆ, ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಹಲವು ಮನೆಗಳಲ್ಲಿ ಹಸಿಯಾಗಿಯೇ ರುಬ್ಬುತ್ತಾರೆ. ಮೂರೂ ಒಂದೇ ಕಡೆ ಸೇರಿದವು. ಎಲ್ಲಿಂದ ಕಿತ್ತದ್ದು ಅಂತ ಗೊತ್ತಿರದಿದ್ದರೆ ತುಪ್ಪದಲ್ಲಿ ಬಾಡಿಸಿದರೆ ಸಾಲದು, ನೀರಲ್ಲಿ ಒಂದು ಕುದಿ ಬರಿಸಿ ರುಬ್ಬಿ.

ತೊಳೆಯುವುದು ಅಂದರೆ ಬುಟ್ಟಿ ಸಮೇತ ಒಮ್ಮೆ ನೀರಲ್ಲಿ ಅದ್ದಿ ತೆಗೆಯುವುದಲ್ಲ. ಬೇರು ಕತ್ತರಿಸಿ, ಎಲೆ ಬಿಡಿಸಿ, ನೀರು ಬದಲಿಸುತ್ತಾ ತಳದಲ್ಲಿ ಮಣ್ಣು ಕಾಣದಷ್ಟು ಸಲ ತೊಳೆದು, ಕೊನೆಗೆ ನಲ್ಲಿ ಕೆಳಗೆ ಹಿಡಿಯಬೇಕು. ಉಪ್ಪು-ಅರಿಸಿನದ ನೀರಿಂದ ಹುಳು, ಮಣ್ಣು ಬಿಡುತ್ತವೆ, ಆದರೆ ರೋಗಾಣು ಸಾಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಖಂಡಿತ ಬೇಡ. ತರಕಾರಿ ತೊಳೆಯಲೆಂದೇ ಸಿಗುವ ಕ್ಲೋರಿನ್ ದ್ರಾವಣ ಬಳಸುವುದಾದರೆ ಪ್ಯಾಕೆಟ್ ಮೇಲೆ ಬರೆದ ಅಳತೆ, ಬರೆದಷ್ಟು ಹೊತ್ತು, ಆಮೇಲೆ ಒಳ್ಳೆ ನೀರಲ್ಲಿ ಇನ್ನೊಮ್ಮೆ. ತೊಳೆಯದ ಸೊಪ್ಪು ಹೆಚ್ಚಿದ ಈಳಿಗೆಮಣೆಯಲ್ಲೇ ಸೌತೆಕಾಯಿ ಹೆಚ್ಚಿದರೆ ಬೇಯಿಸಿದ್ದೂ ದಂಡ, ಕೊಳೆ ಆ ಕಡೆಯಿಂದ ಈ ಕಡೆ ಬಂದಿರುತ್ತದೆ.

ಲೋಹದ ವಿಷಯಕ್ಕೆ ಅಡುಗೆಮನೆಯಲ್ಲಿ ಮಾಡಬಹುದಾದ್ದು ಕಡಿಮೆ. ಒಂದೇ ಸೊಪ್ಪು, ಒಂದೇ ಕಡೆಯಿಂದ, ದಿನಾ ತಿನ್ನದಿರುವುದು ಒಂದು. ಹರಿವೆ, ನುಗ್ಗೆ, ಮೆಂತ್ಯ ಅಂತ ಬದಲಿಸುತ್ತಿರಿ. ಸೊಪ್ಪಿನ ಆಸೆಗೆ ಹಿತ್ತಲಲ್ಲಿ ನಾಲ್ಕು ಮಡಿ ಹಾಕಿದರೆ ಇನ್ನೂ ಒಳ್ಳೆಯದು. ಸೊಪ್ಪನ್ನೇ ಬಿಟ್ಟುಬಿಡುವುದು ಮಾತ್ರ ಬೇಡ, ಅದರಿಂದ ಆಗುವ ನಷ್ಟ ದೊಡ್ಡದು.

ಗರ್ಭಿಣಿಯರು ಹಸಿ ಸೊಪ್ಪಿನ ವಿಷಯದಲ್ಲಿ ಎಲ್ಲರಿಗಿಂತ ಬಿಗಿಯಾಗಿರಬೇಕು. ಬೇರೆಯವರಿಗೆ ಬಂದು ಹೋಗುವ ಹೆಪಟೈಟಿಸ್ ಇ, ಕೊನೆಯ ತಿಂಗಳುಗಳಲ್ಲಿ ಬಂದರೆ ಜೀವಕ್ಕೇ ಅಪಾಯ. ಮಕ್ಕಳಿಗೆ ಜಂತುಹುಳದ ಮಾತ್ರೆ ವರ್ಷಕ್ಕೆ ಎರಡು ಸಲ, ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ, ಶಾಲೆ, ಅಂಗನವಾಡಿಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಒಂದರಿಂದ 19 ವರ್ಷದವರೆಗೆ. ಅದು ಹೊಟ್ಟೆಯ ಹುಳಕ್ಕೆ ಮಾತ್ರ, ಟೈಫಾಯ್ಡ್‌ಗೂ ಕಾಮಾಲೆಗೂ ಅಲ್ಲ.